ಮೂರನೇ ಪ್ಲಾಟ್‌ಫಾರ್ಮಿನ ಗಾಡಿ

ಅಪ್ಪನ ತಟ್ಟೆ ಊಟದ ಮೇಜು ಬಿಟ್ಟು ಹಿಂದಿನ ಕೋಣೆಗೆ ಹೋಗಲು ಶುರುವಾಗಿ ಐದು ತಿಂಗಳಾಗಿತ್ತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಅನುಕೂಲಕ್ಕೆಂದು ಹೋಯಿತು, ಆಮೇಲೆ ರೂಢಿಯೆಂದು ಹೋಯಿತು, ಈಗೀಗ ಹಟಕ್ಕೆಂದು ಹೋಗುತ್ತಿತ್ತು. ಮೇಜಿನ ತಲೆಯಲ್ಲಿದ್ದ ಅವರ ಕುರ್ಚಿಯ ಬೆನ್ನಿಗೆ ಒದ್ದೆ ಟವೆಲು ಹಾಕುವುದನ್ನು ಮನೆಯವರು ಅಭ್ಯಾಸ ಮಾಡಿಕೊಂಡಿದ್ದರು.

ಅಪ್ಪ ರೈಲ್ವೆ ಸ್ಟೇಷನ್ನಿನ ಅನೌನ್ಸರು. ಯಾವ ಗಾಡಿ ಎಲ್ಲಿಗೆ, ಎಷ್ಟು ತಡ, ಯಾವ ಪ್ಲಾಟ್‌ಫಾರ್ಮು ಎಂದು ಮೂವತ್ತನಾಲ್ಕು ವರ್ಷ ಊರಿಗೆಲ್ಲ ಹೇಳಿದ ಗಂಟಲು. ನಿವೃತ್ತಿಯಾದ ಮಾರನೆಯ ವರ್ಷವೇ ಆ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಗಂಟು ತೆಗೆಯಲು ಹೋದ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. "ಗಂಟಿನ ಜೊತೆ ಗಂಟಲು ಫ್ರೀ" ಎಂದು ಮಗಳು ಆಸ್ಪತ್ರೆಯ ವರಾಂಡದಲ್ಲಿ ಎಲ್ಲರನ್ನೂ ನಗಿಸಲು ನೋಡಿದ್ದಳು. ಯಾರೂ ನಗದಿದ್ದಾಗ ತಾನೇ ಅತ್ತಳು.

ಈಗ ಅವರು ಉಸಿರಾಡುವುದು ಕತ್ತಿನ ಬುಡದ ಸಣ್ಣ ತೂತಿನಿಂದ. ಅದರ ಮುಂದೆ ಒಂದು ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಕೆಮ್ಮು ಬಂದರೆ ಬಾಯಿಂದ ಬರುತ್ತಿರಲಿಲ್ಲ, ಬಟ್ಟೆಯ ಹಿಂದಿನಿಂದ ಬರುತ್ತಿತ್ತು. ಉಸಿರು ಮೂಗಿನ ದಾರಿ ಬಿಟ್ಟಿದ್ದರಿಂದ ವಾಸನೆ ಹೋಯಿತು, ವಾಸನೆಯ ಹಿಂದೆ ರುಚಿಯೂ ಮುಕ್ಕಾಲು ಪಾಲು ಹೋಯಿತು. ಮೊದಲ ತಿಂಗಳು ಸ್ಲೇಟಿನ ಮೇಲೆ "ಇದು ಸೂಪೋ, ಸೋಪೋ" ಎಂದು ಬರೆದು ತೋರಿಸಿದ್ದರು. ಬರಬರುತ್ತ ಅದೂ ನಿಂತು, ಸ್ಲೇಟು ಹೌದು, ಬೇಡ, ನೀರು ಎಂಬ ಮೂರು ಮಾತಿಗೆ ಇಳಿಯಿತು.

ಮಾತಾಡಲು ಯಂತ್ರವೂ ಇತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಸೊಸೆ ಯಾರಿಗೋ ಹೇಳಿ ತರಿಸಿದ್ದಳು. ಟಾರ್ಚಿನಷ್ಟು ಉದ್ದ. ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜುಯ್ಯೆನ್ನುವ ಒಂದು ದನಿ ಮಾತಾಗುತ್ತಿತ್ತು. ಅಪ್ಪ ಒಂದೇ ಒಂದು ಸಲ ಅದನ್ನು ಒತ್ತಿ, ಕೇಳಿಸಿಕೊಂಡು, ಸ್ಲೇಟಿನಲ್ಲಿ "ಇವನ್ಯಾರು?" ಎಂದು ಬರೆದು, ಡಬ್ಬಿಯೊಳಗೆ ಇಟ್ಟುಬಿಟ್ಟಿದ್ದರು.

ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ. ಸೊಸೆ ಎಂದಿನಂತೆ ಟ್ರೇಯಲ್ಲಿ ಸೂಪು, ಹಿಸುಕಿದ ಆಲೂಗಡ್ಡೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಜೋಡಿಸಿದಳು. ಮಗ ತಾನು ಕೊಟ್ಟು ಬರುವುದಾಗಿ ಎದ್ದ.

"ಕೊಟ್ಟು ಬರೋದು ಯಾರು ಬೇಕಾದ್ರೂ ಮಾಡ್ತಾರೆ," ಎಂದಳು ಸೊಸೆ. "ತರೋರು ಯಾರು? ತಟ್ಟೆ ಸಾಯಂಕಾಲದವರೆಗೂ ಮಂಚದ ಕೆಳಗಿರುತ್ತೆ."

"ನಾನು ತರ್ತೀನಲ್ಲ," ಎಂದಳು ಅಮ್ಮ.

"ನೀವು ಬಗ್ಗಿ ತರ್ತೀರಿ, ಆಮೇಲೆ ಮಂಡಿ ಹಿಡ್ಕೊಂಡು ಕೂರ್ತೀರಿ. ಮಂಡಿಗೆ ಮಾತ್ರೆ ತರೋಳು ನಾನೇ ತಾನೆ, ಅತ್ತೆ?"

ಮಗ ಲಿಫ್ಟ್ ಮೆಕ್ಯಾನಿಕ್ಕು. ಮಾತು ಜೋರಾದರೆ ಮೇಲೂ ಇಲ್ಲದೆ ಕೆಳಗೂ ಇಲ್ಲದೆ ನಡುವೆ ನಿಂತುಬಿಡುವ ಗುಣ ಅವನದು. ಈಗಲೂ ಟ್ರೇ ಹಿಡಿದು ಹಾಗೇ ನಿಂತ. ಆಗ ಅವನ ತಂಗಿ, ಮನೆಯವರೆಲ್ಲ ಗಿಳಿ ಎಂದು ಕರೆಯುವವಳು, ಬ್ರೆಡ್ಡು ಮುರಿಯುತ್ತ ತನ್ನ ಯೋಚನೆ ಹೊರಗೆ ಹಾಕಿದಳು. ಅವಳದು ವಿದ್ಯುತ್ ಇಲಾಖೆಯ ದೂರು ಕೇಳುವ ಫೋನಿನ ಕೆಲಸ. ದಿನಕ್ಕೆ ನೂರು ಜನ ಕರೆಂಟಿಲ್ಲವೆಂದು ಅವಳನ್ನು ಬೈಯುತ್ತಿದ್ದರು, ಸಂಜೆ ಅವಳು ಆ ನೂರರಲ್ಲಿ ಹತ್ತು ಜನರನ್ನು ಆರಿಸಿ ಮೇಜಿನ ಮುಂದೆ ಅವರವರ ದನಿಯಲ್ಲೇ ಬೈದು ತೋರಿಸುತ್ತಿದ್ದಳು. ದನಿ ಕದಿಯುವ ಈ ಕಲೆ ಅಪ್ಪನಿಂದ ಬಂದದ್ದು.

"ಈ ಸಲ ಕ್ರಿಸ್‌ಮಸ್ ಊಟಕ್ಕೆ ಸ್ಟೇಷನ್ ಕಥೆ ನಾನು ಹೇಳ್ತೀನಿ. ಅಪ್ಪನ ದನೀಲೇ."

ಗಿಳಿ ಗಂಟಲು ಸರಿಮಾಡಿಕೊಂಡು, ಗದ್ದ ಎದೆಗೆ ಒತ್ತಿ, "ಪ್ರಯಾಣಿಕರ ಗಮನಕ್ಕೆ" ಎಂದಳು. ಅಷ್ಟೇ. ಆ ಎರಡು ಪದದಲ್ಲಿ ಅಪ್ಪ ಕುರ್ಚಿಯ ಮೇಲೆ ಬಂದು ಕೂತು ಹೋದಂತಾಯಿತು. ಹಿಂದಿನ ಕೋಣೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು.

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅದೊಂದು ಬೇಡ."

"ಯಾಕಮ್ಮಾ? ಅವರು ಹೊರಗೆ ಬರ್ಲಿ ಅಂತಾನೇ. ಅವರ ಕಥೇನ ಇನ್ನೊಬ್ರು ತಪ್ಪು ತಪ್ಪಾಗಿ ಹೇಳೋದನ್ನ ಒಳಗೆ ಕೂತು ತಡ್ಕೊಳ್ಳೋ ಜೀವ ಅಲ್ಲ ಅದು. ತಿದ್ದೋಕಾದ್ರೂ ಬರ್ತಾರೆ."

ಮಗ ಇದು ಗಾಯಕ್ಕೆ ಬೆರಳು ಹಾಕಿದ ಹಾಗಾಗುತ್ತದೆ ಎಂದ. ಆರು ವರ್ಷದ ಮೊಮ್ಮಗಳು ಪುಟ್ಟಿ, ಅಜ್ಜನ ಕಥೆ ಇಲ್ಲದಿದ್ದರೆ ತನಗೆ ಕೇಕೂ ಬೇಡ ಎಂದಳು. ಸೊಸೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ಇಪ್ಪತ್ತೈದನೇ ತಾರೀಕು ಆ ಕುರ್ಚೀಲಿ ಮಾವ ಕೂರ್ಬೇಕು. ಯಾರ ದನೀಲಾದ್ರೂ ಕರೀರಿ."

ಆ ಕಥೆ ಇಪ್ಪತ್ತೆರಡು ವರ್ಷ ಹಳೆಯದು. ಮಗನಿಗೆ ಆಗ ಒಂಬತ್ತು, ಗಿಳಿಗೆ ಐದು. ಮನೆಯಲ್ಲಿ ಎಷ್ಟೋ ಕ್ರಿಸ್‌ಮಸ್ಸುಗಳು ಬಂದು ಹೋಗಿದ್ದರೂ ಎಲ್ಲರೂ "ಆ ಕ್ರಿಸ್‌ಮಸ್ಸು" ಎನ್ನುತ್ತಿದ್ದುದು ಅದೊಂದನ್ನೇ. ಅಪ್ಪ ಅದನ್ನು ಪ್ರತಿ ವರ್ಷ, ಕೇಕು ಕತ್ತರಿಸುವ ಮೊದಲು, ಎಲ್ಲ ಪಾತ್ರಗಳ ದನಿಯಲ್ಲೂ ಹೇಳುತ್ತಿದ್ದರು.

ಆ ದಿನ ಅಪ್ಪನಿಗೆ ರಜೆ ಸಿಗಲಿಲ್ಲ. ಮಂಜು ಬಿದ್ದು ಗಾಡಿಗಳೆಲ್ಲ ತಡ. ಐದೂವರೆಗೆ ಬರಬೇಕಾದ ದೂರದೂರಿನ ಗಾಡಿ ಆರೂವರೆಗೆ ಬರುತ್ತದೆಂದು ಹೇಳಿದರು, ಆಮೇಲೆ ಏಳಕ್ಕೆ ಎಂದರು, ಏಳೂವರೆಗೆ ಎಂದರು. ಅಷ್ಟರಲ್ಲಿ ಅನೌನ್ಸರ ಕೋಣೆಯ ಬಾಗಿಲು ತೆರೆದು ಒಳಗೆ ಬಂದವಳು ಅಮ್ಮ. ಒಂದು ಕೈಯಲ್ಲಿ ಗಿಳಿ, ಇನ್ನೊಂದು ಕೈಯಲ್ಲಿ ಎರಡು ಚೀಲ, ಹಿಂದೆ ಬ್ರೆಡ್ಡಿನ ಬುಟ್ಟಿ ಹೊತ್ತ ಮಗ. "ನೀವು ಮನೆಗೆ ಬರೋದಿಲ್ಲ ಅಂದ್ರೆ ಮನೇನೇ ಇಲ್ಲಿಗೆ ಬಂದಿದೆ," ಎಂದಳಂತೆ. ಇಲ್ಲಿ ಅಪ್ಪ ಅಮ್ಮನ ದನಿ ಮಾಡುತ್ತಿದ್ದರು: ಸ್ವಲ್ಪ ಮೂಗು, ಸ್ವಲ್ಪ ಸಿಡುಕು, ಪ್ರತಿ ವಾಕ್ಯದ ಕೊನೆಗೆ ಪಾತ್ರೆ ಕುಕ್ಕಿದಂತೆ ಒಂದು ನಿಲುಗಡೆ.

ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆಲ್ಲ ಹತ್ತಿಯ ದಿಂಬು ಹೊಡೆದ ಆ ಪುಟ್ಟ ಕೋಣೆಯಲ್ಲಿ, ಗಾಡಿಗಳ ರಿಜಿಸ್ಟರಿನ ಮೇಲೆ ಪೇಪರು ಹಾಸಿ, ಹುರಿದ ಕೋಳಿ, ಆಲೂಗಡ್ಡೆ, ಕೇಕು ಎಲ್ಲ ಜೋಡಿಸಿದರು. ಚಾಕು ಕಾಣಲಿಲ್ಲ. ಅಪ್ಪ ಚೀಲದಲ್ಲಿ ತಡಕಾಡಿ, ಇಲ್ಲವೆಂದು ಹೇಳಿ, ರಿಜಿಸ್ಟರಿಗೆ ಗೆರೆ ಎಳೆಯುವ ಸ್ಟೀಲು ಸ್ಕೇಲಿನಿಂದಲೇ ಕೇಕು ಕತ್ತರಿಸಿದರು. "ಸೆಂಟಿಮೀಟರ್ ಲೆಕ್ಕದಲ್ಲಿ ಕೇಕು ತಿಂದವರು ಪ್ರಪಂಚದಲ್ಲಿ ನಾವೇ." ಎಲ್ಲರೂ ಇಲ್ಲಿ ಒಂದು ಸಲ ನಗಬೇಕು.

ನಡುವೆ ಒಂದು ಸಲ ಅನೌನ್ಸ್ ಮಾಡಿದ ಅಪ್ಪ ಮೈಕಿನ ಗುಂಡಿ ಆರಿಸುವುದನ್ನು ಮರೆತರು. ಗಿಳಿ ಸ್ಕೂಲಿನಲ್ಲಿ ಕಲಿತ ಹಾಡು ಹೇಳಿದಳು, ಮಗ ಕೋಳಿಯ ಕಾಲು ತನಗೆ ಬೇಕೆಂದು ಅತ್ತ, ಅಮ್ಮ ಅವನಿಗೆ ಬೈದಳು. ಇಷ್ಟೂ ಮೂರು ಪ್ಲಾಟ್‌ಫಾರ್ಮಿಗೂ ಕೇಳಿಸುತ್ತಿತ್ತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಅಮ್ಮ, "ಆ ಗಾಡಿ ಒಂದು ಬಂದ್ರೆ ಸಾಕಪ್ಪಾ, ನಂಗಂತೂ ಸಾಕಾಗ್ಹೋಗಿದೆ," ಎಂದಳು. ಅದೇ ಗಾಡಿಗೆ ಎರಡು ಗಂಟೆಯಿಂದ ಕಾದು ಕಾದು ಸುಸ್ತಾಗಿದ್ದ ನಾನೂರು ಜನ ಒಟ್ಟಿಗೆ ಚಪ್ಪಾಳೆ ಹೊಡೆದರು. ಹತ್ತಿಯ ಗೋಡೆ ದಾಟಿ ಆ ಚಪ್ಪಾಳೆ ಒಳಗೆ ಬಂದಾಗಲೇ ಮೈಕು ತೆರೆದಿರುವುದು ಗೊತ್ತಾದದ್ದು.

ಅಪ್ಪ ಗುಂಡಿ ಆರಿಸಿದರು. ಆಮೇಲೆ ಸ್ಟೇಷನ್ ಮಾಸ್ಟರ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಅಪ್ಪ ರಿಸೀವರ್ ಎತ್ತಿ ಬ್ರೆಡ್ಡಿನ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದರು. "ಮಾಸ್ಟರು ಬ್ರೆಡ್ಡಿನ ಜೊತೆ ಎಷ್ಟು ಬೇಕಾದ್ರೂ ಮಾತಾಡ್ಲಿ." ಕಿಟಕಿಯ ಪರದೆ ಎಳೆದು, ಮಾಸ್ಟರ, ಕೂಲಿಯ, ಟಿಕೆಟ್ ಕಲೆಕ್ಟರ ದನಿಗಳನ್ನೆಲ್ಲ ಮಾಡಿ ಅರ್ಧ ಗಂಟೆ ಮಕ್ಕಳನ್ನು ಉರುಳಾಡಿಸಿ ನಗಿಸಿದರು. ಕೊನೆಗೆ ಮೆಮೋ ಬಂತು, ಒಂದು ವರ್ಷದ ಸಂಬಳದ ಬಡ್ತಿ ಹೋಯಿತು. "ಆದ್ರೆ ನಿಮ್ಮಮ್ಮನ ಒಂದು ಮಾತಿಗೆ ನಾನೂರು ಜನ ಚಪ್ಪಾಳೆ ಹೊಡೆದ್ರಲ್ಲ, ಮಂತ್ರಿಗೂ ಹಾಗೆ ಹೊಡೆಯಲ್ಲ." ಕಥೆ ಮುಗಿಯಿತು, ಕೇಕು ಕತ್ತರಿಸು.

ಇದು ಅಪ್ಪನ ಕಥೆ. ಅಮ್ಮನದು ಬೇರೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಎರಡನೇ ವಾರ ಸೊಸೆಗೆ ಎರಡು ದಿನ ರಜೆ ಸಿಕ್ಕಿತು, ಮನೆ ಒರೆಸುವ ಕೆಲಸ ಶುರುವಾಯಿತು. ಕಾಗದದ ನಕ್ಷತ್ರ, ಬಣ್ಣದ ದೀಪಗಳ ಸರ ಎಲ್ಲಿವೆ ಎಂದು ಹುಡುಕಾಟ. ಅಟ್ಟದ ಮೇಲಿನಿಂದ ಮಗ ಅಪ್ಪನ ಕಬ್ಬಿಣದ ಪೆಟ್ಟಿಗೆ ಇಳಿಸಿಕೊಟ್ಟು ಕೆಲಸಕ್ಕೆ ಹೋದ. ಸೊಸೆ ಪರದೆ ಒಗೆಯಲು ಹಿತ್ತಲಿಗೆ ಹೋದಳು. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಪೆಟ್ಟಿಗೆ ತೆಗೆದಳು.

ದೀಪದ ಸರ ಸಿಕ್ಕಿತು. ಅದರ ಕೆಳಗೆ ಸಮವಸ್ತ್ರದ ಗುಂಡಿಗಳು, ಹಳೆಯ ಗುರುತಿನ ಚೀಟಿ, ಒಂದು ಕಡತ. ಕಡತದಲ್ಲಿ ಆ ಮೆಮೋ. ಈ ಮನೆಯಲ್ಲಿ ಇಷ್ಟೊಂದು ಹೆಸರು ಮಾಡಿದ ಕಾಗದವನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಕನ್ನಡಕ ಏರಿಸಿಕೊಂಡು ಓದಿದಳು.

ಮೈಕು ತೆರೆದಿಟ್ಟ ವಿಷಯ ಒಂದೇ ಸಾಲಿನಲ್ಲಿ ಮುಗಿದಿತ್ತು: ಎಚ್ಚರಿಕೆ ನೀಡಿ ಬಿಡಲಾಗಿದೆ. ಶಿಕ್ಷೆ ಬೇರೆಯದಕ್ಕೆ. "ಸಂಜೆ 7.50ಕ್ಕೆ ಮೂರನೇ ಪ್ಲಾಟ್‌ಫಾರ್ಮಿಗೆ ಬಂದು 8.10ಕ್ಕೆ ಹೊರಟ ಗಾಡಿಯ ಆಗಮನವನ್ನಾಗಲಿ ನಿರ್ಗಮನವನ್ನಾಗಲಿ ಪ್ರಕಟಿಸದೆ, ಸ್ಟೇಷನ್ ಮಾಸ್ಟರರ ದೂರವಾಣಿ ಕರೆಗೂ ಉತ್ತರಿಸದೆ, ಮೂವತ್ತೊಂದು ಮಂದಿ ಪ್ರಯಾಣಿಕರು ಗಾಡಿ ತಪ್ಪಿಸಿಕೊಳ್ಳಲು ಕಾರಣರಾಗಿರುತ್ತೀರಿ." ಅದರ ಹಿಂದೆ ಗುಂಡುಸೂಜಿ ಚುಚ್ಚಿದ್ದ ಅಪ್ಪನ ಉತ್ತರದ ಪ್ರತಿ, ಅವರದೇ ದುಂಡು ಅಕ್ಷರದಲ್ಲಿ. "ಮರೆತೆನು. ತಪ್ಪಾಯಿತು."

ಅಮ್ಮ ಮತ್ತೆ ಓದಿದಳು.

ಆ ಗಾಡಿಗೆ ಅವಳ ಹತ್ತಿರ ಟಿಕೆಟ್ಟಿತ್ತು. ಒಂದೇ ಟಿಕೆಟ್ಟು. ಎರಡು ಚೀಲದಲ್ಲಿ ಒಂದರಲ್ಲಿ ಊಟ, ಇನ್ನೊಂದರಲ್ಲಿ ಅವಳ ನಾಲ್ಕು ಜೊತೆ ಬಟ್ಟೆ, ಬಾಚಣಿಗೆ, ಟೈಪಿಂಗ್ ಪರೀಕ್ಷೆಯ ಸರ್ಟಿಫಿಕೇಟು. ಗಾಡಿ ಹೋಗುವ ಊರಿನಲ್ಲಿ ಅವಳ ಅಕ್ಕ ಇದ್ದಳು, ಯಾವಾಗ ಬೇಕಾದರೂ ಬಾ, ಕೆಲಸ ನೋಡಿಟ್ಟಿದ್ದೇನೆ ಎಂದು ಬರೆದಿದ್ದಳು. ಮಕ್ಕಳನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೊರಡಲಾಗುವುದಿಲ್ಲ. ಊಟ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದದ್ದೇ ಅವರನ್ನು ಅಪ್ಪನ ಕೈಗೆ ಒಪ್ಪಿಸಿ ಹೋಗಲು. ಮನೆಯೇ ಇಲ್ಲಿಗೆ ಬಂದಿದೆ ಎಂದು ಅವಳು ಅಂದಿರಲೇ ಇಲ್ಲ. "ಇವರಿಗೆ ಊಟ ಮಾಡಿಸಿ," ಎಂದಿದ್ದಳು.

ಯಾಕೆ ಹೊರಟೆ ಎಂದು ಅಕ್ಕ ಕೇಳಿದ್ದರೆ ಹೇಳಲು ದೊಡ್ಡ ಕಾರಣವೇನೂ ಇರಲಿಲ್ಲ. ಗಂಡ ಕುಡಿಯುತ್ತಿರಲಿಲ್ಲ, ಕೈ ಎತ್ತಿದವರಲ್ಲ. ಆದರೆ ಅವಳು ಅಡಿಗೆಮನೆಯಲ್ಲಿ ಏನು ಹೇಳಿದರೂ ಅದು ಸ್ವಲ್ಪ ಹೊತ್ತಿನಲ್ಲಿ ಹಜಾರದಿಂದ ಅವಳದೇ ದನಿಯಲ್ಲಿ ವಾಪಸು ಬರುತ್ತಿತ್ತು, ಜೊತೆಗೆ ನೆಂಟರ, ಅಕ್ಕಪಕ್ಕದವರ ನಗು. ಜ್ವರ ಬಂದು ನರಳಿದ್ದು, ತವರಿನ ಸಾವಿಗೆ ಅತ್ತದ್ದು, ರೇಷನ್ನು ಸಾಲದೆ ಗೊಣಗಿದ್ದು ಎಲ್ಲವೂ ಅಪ್ಪನ ಬಾಯಲ್ಲಿ ಒಂದೊಂದು ಐಟಂ ಆಗಿತ್ತು. ಹಾಗಾಗಿ ಅವಳು ಮಾತು ಕಡಿಮೆ ಮಾಡಿದಳು. ಅವಳ ಮೌನವನ್ನೂ ಅವರು ಅಣಕಿಸಿ ತೋರಿಸಿದ ದಿನ ಹೋಗಿ ಟಿಕೆಟ್ಟು ತಂದಳು.

ಇಪ್ಪತ್ತೆರಡು ವರ್ಷ ಅವಳು ತಿಳಿದದ್ದು ಇಷ್ಟು: ಗಾಡಿ ಬರಲಿಲ್ಲ. ಆ ಹೊತ್ತು ಮಕ್ಕಳು ನಕ್ಕು ನಕ್ಕು ಮುಗಿದ ಮೇಲೆ, ಅಪ್ಪ ಅವಳ ಕಡೆ ನೋಡದೆ, "ಅದು ಇವತ್ತು ರದ್ದಾಯ್ತು," ಎಂದಿದ್ದರು. ಯಾವುದು ಎಂದು ಅವಳು ಕೇಳಿರಲಿಲ್ಲ, ಅವರೂ ಬಿಡಿಸಿ ಹೇಳಿರಲಿಲ್ಲ. ದೇವರೇ ಬೇಡವೆಂದ ಮೇಲೆ ಇನ್ನೇನು ಎಂದು, ನಿದ್ದೆ ಹೋದ ಗಿಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದು, ಟಿಕೆಟ್ಟನ್ನು ಒಲೆಗೆ ಹಾಕಿದ್ದಳು.

ಈಗ ಕಾಗದ ಹಿಡಿದು ಕೂತಾಗ ಒಂದೊಂದೇ ತುಂಡು ಹೊಂದಿಕೊಂಡಿತು. ಚಾಕು ಊಟದ ಚೀಲದಲ್ಲೇ ಇತ್ತು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಅವಳಿಗೇ ಸಿಕ್ಕಿತ್ತು. ಅಪ್ಪ ತಡಕಾಡಿದ್ದು ಇನ್ನೊಂದು ಚೀಲ, ಅವಳ ಬಟ್ಟೆಯದು. ಮಾಸ್ಟರು ಫೋನು ಮಾಡಿದ್ದು ಬೈಯಲಿಕ್ಕಲ್ಲ, ಗಾಡಿ ಬಂದಿದೆ ಅನೌನ್ಸ್ ಮಾಡು ಎನ್ನಲಿಕ್ಕೆ. ಅದಕ್ಕೇ ರಿಸೀವರು ಬುಟ್ಟಿಗೆ ಹೋದದ್ದು, ಪರದೆ ಎಳೆದದ್ದು, ಗಾಡಿಯ ಸದ್ದು ಮುಳುಗುವಷ್ಟು ಮಕ್ಕಳನ್ನು ನಗಿಸಿದ್ದು.

ಸೊಸೆ ಒದ್ದೆ ಕೈಯಲ್ಲಿ ಒಳಗೆ ಬಂದು, ದೀಪದ ಸರ ಸಿಕ್ಕಿತಾ ಅತ್ತೆ ಎಂದಳು. ಸಿಕ್ಕಿತು ಎಂದಳು ಅಮ್ಮ. ಹತ್ತುತ್ತಾ ಎಂದಳು ಸೊಸೆ. ಅಮ್ಮ ಕಾಗದ ಹಿಡಿದು ಎದ್ದು ಹಿಂದಿನ ಕೋಣೆಗೆ ಹೋದಳು.

ಅಪ್ಪ ಕಿಟಕಿಯ ಪಕ್ಕ ಕೂತು ಕತ್ತಿನ ಬಟ್ಟೆ ಬದಲಿಸುತ್ತಿದ್ದರು. ಅಮ್ಮ ಕಾಗದವನ್ನು ಅವರ ತೊಡೆಯ ಮೇಲಿಟ್ಟಳು. ಅವರು ನೋಡಿದರು. ಓದಲಿಲ್ಲ, ನೋಡಿದರು ಅಷ್ಟೆ.

"ನಿಮಗೆ ಗೊತ್ತಿತ್ತಾ?"

ಅಪ್ಪ ಸ್ಲೇಟು ತೆಗೆದುಕೊಂಡರು. "ನೀರು" ಎಂದು ಬರೆದರು.

"ನೀರು ಆಮೇಲೆ. ಮರೆತೆ ಅಂತ ಬರ್ದು ಕೊಟ್ಟಿದ್ದೀರಿ. ಯಾವ ಗಾಡಿ ಯಾವತ್ತು ಎಷ್ಟು ನಿಮಿಷ ತಡ ಅಂತ ಹತ್ತು ವರ್ಷದ್ದು ಬಾಯಲ್ಲಿ ಹೇಳ್ತಿದ್ರಿ. ನೀವು ಮರೆಯೋರಾ?"

ಅವರು ಬಟ್ಟೆಯ ತುದಿಯಿಂದ ಸ್ಲೇಟು ಒರೆಸಿದರು, ಅಕ್ಷರ ಹೋದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ ಅದನ್ನು ಮಗುಚಿ ಹಾಸಿಗೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿದರು. ಅಮ್ಮ ನೀರು ತಂದಿಟ್ಟಳು. ಅವತ್ತಿನಿಂದ ಆ ಕೋಣೆಗೆ ಕಾಲಿಡಲಿಲ್ಲ.

ಮೂರನೇ ವಾರವೆಲ್ಲ ಮನೆಯಲ್ಲಿ ಇದೇ ರಂಪ. ಹಗಲು ಟ್ರೇ ಒಯ್ಯುವವರಿಲ್ಲ, ತರುವವರಿಲ್ಲ. ಸೊಸೆ ಕೆಲಸಕ್ಕೆ ಹೊರಡುವ ಮೊದಲು ಕೊಟ್ಟ ಊಟ ಸಂಜೆ ಮಗ ಬರುವವರೆಗೂ ಅಲ್ಲೇ ಒಣಗುತ್ತಿತ್ತು. ಅಮ್ಮ ಅಡಿಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಪುಟ್ಟಿಗೆ ತಲೆ ಬಾಚುತ್ತಿದ್ದಳು, ಹಿಂದಿನ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಏನಾಯಿತೆಂದು ಮಗ ಎರಡು ಸಲ ಕೇಳಿದ. ಮಂಡಿ ನೋವು ಎಂದಳು.

"ಹಜಾರಕ್ಕೆ ಬರದ ಮಂಡಿ ನೋವು ಆ ಕೋಣೆಗೆ ಮಾತ್ರ ಹೇಗೆ ಬರುತ್ತೆ?" ಎಂದಳು ಸೊಸೆ. "ನಂಗೂ ಒಂದು ಅಂಥ ಮಂಡಿ ಕೊಡ್ಸಿ ಅತ್ತೆ. ಪಾತ್ರೆ ತೊಳೆಯೋವಾಗ ಮಾತ್ರ ನೋಯೋವಂಥದ್ದು."

ಗಿಳಿ ಜೋರಾಗಿ ನಕ್ಕಳು. ಅಮ್ಮ ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಆಲೂಗಡ್ಡೆ ಸುಲಿಯುತ್ತ, "ನೀನು ಸ್ಟೇಷನ್ ಕಥೆ ಹೇಳ್ತೀನಿ ಅಂದ್ಯಲ್ಲ, ಹೇಳು," ಎಂದಳು.

ಗಿಳಿಗೆ ನಂಬಿಕೆಯಾಗಲಿಲ್ಲ. "ಬೇಡ ಅಂದಿದ್ಯಲ್ಲ?"

"ಈಗ ಬೇಕು ಅಂತಿದ್ದೀನಿ. ಅವರಿಗೆ ಕೇಳೋ ಹಾಗೆ ಹೇಳು."

ಅಮ್ಮ ಕರಗಿದಳು ಎಂದು ಗಿಳಿ ಅಣ್ಣನಿಗೆ ಹೇಳಿದಳು. ಅಷ್ಟೂ ದಿನ ಕೆಲಸದಿಂದ ಬಂದ ಕೂಡಲೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು. ಹೊರಗಿನಿಂದ ಕೇಳಿದವರಿಗೆ ಅಪ್ಪ ಒಳಗೆ ಸ್ನಾನ ಮಾಡುತ್ತಿರುವಂತೆ, ಹಿಂದಿನ ಹಾಗೆ ನೀರಿನ ಬಿಸಿಯನ್ನು ಪ್ಲಾಟ್‌ಫಾರ್ಮಿನ ದನಿಯಲ್ಲಿ ಘೋಷಿಸುತ್ತಿರುವಂತೆ ಅನ್ನಿಸುತ್ತಿತ್ತು. ಸೊಸೆ ಒಂದು ಸಂಜೆ ಕಾಫಿ ಲೋಟ ಹಿಡಿದು ಆ ಬಾಗಿಲ ಮುಂದೆ ಬಹಳ ಹೊತ್ತು ನಿಂತಿದ್ದಳು. ಕಣ್ಣೊರೆಸಿಕೊಂಡದ್ದನ್ನು ಪುಟ್ಟಿ ನೋಡಿದಳು.

ಕ್ರಿಸ್‌ಮಸ್ ದಿನ ಮಧ್ಯಾಹ್ನ ಒಂದು ಗಂಟೆಗೆ ಮೇಜು ಹಾಕಿದರು. ಹುರಿದ ಕೋಳಿ, ಆಲೂಗಡ್ಡೆ, ಬ್ರೆಡ್ಡು, ಮಧ್ಯೆ ಕೇಕು. ದೀಪದ ಸರ ಅರ್ಧ ಹತ್ತಿತು, ಅರ್ಧ ಹತ್ತಲಿಲ್ಲ. ಇಲಾಖೆಗೆ ದೂರು ಕೊಡಿ, ನಾನೇ ತೆಗೆದುಕೊಳ್ಳುತ್ತೇನೆ ಎಂದಳು ಗಿಳಿ. ಸೊಸೆ ಹಿಂದಿನ ಕೋಣೆಗೆ ಟ್ರೇ ಒಯ್ದಳು. ಸೂಪಿನ ಬಟ್ಟಲ ಪಕ್ಕದಲ್ಲಿ ಚಮಚದ ಹಾಗೆ ಆ ಯಂತ್ರವನ್ನೂ ಇಟ್ಟಿದ್ದಳು. "ಊಟಕ್ಕೆ ಮುಂಚೆ ಒಂದು," ಎಂದಳಂತೆ, ಅಂಗಡಿಯಲ್ಲಿ ಮಾತ್ರೆ ಕೊಡುವ ದನಿಯಲ್ಲಿ. ಬರುವಾಗ ಕೋಣೆಯ ಬಾಗಿಲು ತೆರೆದೇ ಬಿಟ್ಟು ಬಂದಳು.

ಗಿಳಿ ಎದ್ದು ನಿಂತು ಗದ್ದ ಎದೆಗೆ ಒತ್ತಿದಳು. ಮಂಜು ಬಿತ್ತು, ಗಾಡಿ ತಡವಾಯಿತು, ಮನೆಯೇ ಸ್ಟೇಷನ್ನಿಗೆ ಬಂತು. ಅಪ್ಪ ಅಮ್ಮನ ದನಿ ಮಾಡುತ್ತಿದ್ದುದನ್ನು ಗಿಳಿ ಅಪ್ಪನ ದನಿಯೊಳಗಿಂದ ಮಾಡಿದಳು: ಆ ಮೂಗು, ಆ ಸಿಡುಕು, ಪಾತ್ರೆ ಕುಕ್ಕುವ ನಿಲುಗಡೆ. ಮಗ ತಡೆಯಲಾರದೆ ನಕ್ಕ. ಸ್ಕೇಲಿನ ಕೇಕಿಗೆ ಪುಟ್ಟಿ ನಕ್ಕಳು. ಅಮ್ಮ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದಳು. ಚಪ್ಪಾಳೆಯ ಜಾಗ ಬಂದಾಗ ಎಲ್ಲರೂ ನಾನೂರು ಜನರ ಪರವಾಗಿ ಮೇಜು ಬಡಿದರು. ಆ ಸದ್ದಿನಲ್ಲಿ ಹಿಂದಿನ ಕೋಣೆಯ ಮಂಚ ಕಿರುಗುಟ್ಟಿದ್ದು ಕೇಳಿಸಲಿಲ್ಲ. ಗಿಳಿ ರಿಸೀವರನ್ನು ಬುಟ್ಟಿಯಲ್ಲಿಟ್ಟು ತಲೆ ಎತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಯಂತ್ರ.

ಗಿಳಿಯ ದನಿ ಅವಳದೇ ಆಯಿತು. "ಆಮೇಲೆ ಮೆಮೋ ಬಂತು..."

"ಅದಕ್ಕೆ ಮುಂಚೆ," ಎಂದಳು ಅಮ್ಮ. "ಗಾಡಿ ಏನಾಯ್ತು? ಅದನ್ನ ಹೇಳು."

"ಯಾವ ಗಾಡಿ?"

"ಎಲ್ಲರೂ ಕಾಯ್ತಿದ್ದ ಗಾಡಿ."

ಗಿಳಿ ಅಣ್ಣನ ಮುಖ ನೋಡಿದಳು. ಕಥೆಯಲ್ಲಿ ಅದು ಇರಲೇ ಇಲ್ಲ. "ಗೊತ್ತಿಲ್ಲಮ್ಮಾ. ಬರ್ಲಿಲ್ಲ ಅನ್ಸುತ್ತೆ. ಅಪ್ಪನಿಗೇ ಗೊತ್ತು."

"ಹಾಗಾದ್ರೆ ಅಪ್ಪನೇ ಹೇಳ್ಲಿ."

ಅಮ್ಮ ಹಿಂದಕ್ಕೆ ತಿರುಗಲಿಲ್ಲ. ಅಪ್ಪ ಯಂತ್ರವನ್ನು ಗದ್ದದ ಕೆಳಗೆ ಒತ್ತಿದರು. ಮೊದಲು ಬರಿಯ ಜುಯ್ ಎಂಬ ಸದ್ದು ಬಂತು. ಜಾಗ ಬದಲಿಸಿ ಒತ್ತಿದರು. 

"ಪ್ರಯಾಣಿಕರ ಗಮನಕ್ಕೆ," ಎಂದಿತು ಯಂತ್ರ. ಏರಿಲ್ಲ, ಇಳಿವಿಲ್ಲ, ಯಾರ ದನಿಯೂ ಅಲ್ಲ. "ಐದೂವರೆಯ ಗಾಡಿ. ಮೂರನೇ ಪ್ಲಾಟ್‌ಫಾರ್ಮಿಗೆ. ಬಂದು ನಿಂತಿದೆ."

ಮನೆ ಮೇಲೆ ಬಿದ್ದಂತೆ ಗದ್ದಲ. ಅಪ್ಪ ಮಾತಾಡಿದರು, ಅದೂ ತಮಾಷೆ ಮಾಡಿದರು. ಗಿಳಿ ಅಳುತ್ತ ನಗುತ್ತಿದ್ದಳು. ಪುಟ್ಟಿ, ಅಜ್ಜನ ಕತ್ತಿನಲ್ಲಿ ಜೀರುಂಡೆ ಇದೆ ಎಂದು ಕುಣಿದಳು. ಮಗ ಖಾಲಿ ಕುರ್ಚಿಯ ಟವೆಲು ಎಸೆದು ಅಪ್ಪನನ್ನು ಕೈ ಹಿಡಿದು ಕರೆತಂದು ಕೂರಿಸಿದ. ಸೊಸೆ ಎಂದೂ ಇಲ್ಲದವಳು ಮೂಗು ಸೀಟಿಕೊಂಡಳು.

ಅಮ್ಮ ಮಾತ್ರ ಅವರನ್ನೇ ನೋಡುತ್ತಿದ್ದಳು.

"ಅನೌನ್ಸ್‌ಮೆಂಟು ಎರಡು ಸಲ ಹೇಳೋದಲ್ವಾ," ಎಂದಳು. "ಇನ್ನೊಂದು ಸಲ ಹೇಳಿ."

ಎಲ್ಲರೂ ಅದಕ್ಕೂ ನಕ್ಕರು. ಅಪ್ಪ ನಗಲಿಲ್ಲ. ಮತ್ತೆ ಯಂತ್ರ ಎತ್ತಿ, ಈ ಸಲ ಅವಳ ಮುಖ ನೋಡಿಕೊಂಡೇ ಹೇಳಿದರು. ಮೂರನೇ ಪ್ಲಾಟ್‌ಫಾರ್ಮು. ಬಂದು ನಿಂತಿದೆ. ಹೇಳಿ ಮುಗಿದ ಮೇಲೂ ಗುಂಡಿಯಿಂದ ಬೆರಳು ತೆಗೆಯದೆ ಇದ್ದುದರಿಂದ ಯಂತ್ರ ಮಾತಿಲ್ಲದೆ ಸ್ವಲ್ಪ ಹೊತ್ತು ಜುಯ್ಯೆನ್ನುತ್ತಲೇ ಇತ್ತು.

ಆ ಗಾಡಿ ಈಗಲೂ ಓಡುತ್ತದೆ. ಆ ಕಡೆಯ ಊರಿನಲ್ಲಿ ಅಕ್ಕ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಕೇಕು ಅಪ್ಪನೇ ಕತ್ತರಿಸಬೇಕೆಂದು ಪುಟ್ಟಿ ಹಟ ಹಿಡಿದಳು. ಸ್ಕೇಲು ತರಲೇ ಎಂದು ಗಿಳಿ ಎದ್ದಳು. ಅಮ್ಮ ತನ್ನ ತಟ್ಟೆಯ ಪಕ್ಕದಲ್ಲಿದ್ದ ಚಾಕು ತೆಗೆದು, ಮೇಜಿನ ಉದ್ದಕ್ಕೂ ಸರಿಸಿ, ಅಪ್ಪನ ಮುಂದಿಟ್ಟಳು.

"ಇಲ್ಲೇ ಇದೆ. ಇವತ್ತು ಯಾರ ಚೀಲಾನೂ ಹುಡುಕೋದು ಬೇಡ."

ಅಪ್ಪ ಚಾಕು ಮುಟ್ಟಲಿಲ್ಲ. ಬೇಡ ಬಿಡಿ ಎಂದು ಮಗನೇ ಕತ್ತರಿಸಿ ಹಂಚಿದ. ಎಲ್ಲ ಮುಗಿದು ಸೊಸೆ ಮೇಜು ಒರೆಸುವಾಗ ಎರಡು ತುಂಡು ಹಾಗೇ ಉಳಿದಿದ್ದವು. ಒಂದು ಅಪ್ಪನದು, ರುಚಿ ಗೊತ್ತಾಗದವರದು. ಇನ್ನೊಂದು ಅಮ್ಮನದು.

ಮಾರನೆಯ ದಿನದಿಂದ ಅಪ್ಪನ ತಟ್ಟೆ ಮೇಜಿಗೇ ಬರತೊಡಗಿತು. ಸ್ಲೇಟನ್ನು ಪುಟ್ಟಿಗೆ ಲೆಕ್ಕ ಮಾಡಲು ಕೊಟ್ಟುಬಿಟ್ಟರು. ತನ್ನ ಉಪಾಯ ಫಲಿಸಿತೆಂದು ಗಿಳಿ ಆಫೀಸಿನಲ್ಲೆಲ್ಲ ಹೇಳಿಕೊಂಡಳು, ಮುಂದಿನ ವರ್ಷ ಕಥೆಗೆ ಈ ಹೊಸ ಕೊನೆಯನ್ನೂ ಸೇರಿಸಬೇಕೆಂದು ನಿಶ್ಚಯವಾಯಿತು.

ಅಮ್ಮನ ತಟ್ಟೆ ಅಡಿಗೆಮನೆಗೆ ಹೋಯಿತು. ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಒಬ್ಬಳೇ ಉಣ್ಣುತ್ತಿದ್ದಳು. ಯಾಕೆ ಅತ್ತೆ ಎಂದು ಸೊಸೆ ಕೇಳಿದರೆ, ಮೇಜಿನ ಕುರ್ಚಿ ಎತ್ತರ, ಮಂಡಿಗೆ ಆಗೋದಿಲ್ಲ ಎಂದಳು.